ಫ್ರಾನ್ಸಿನ ಬಂದರಲ್ಲಿಳಿದು ಸೈಕಲ್ ಹೊಡೆಯೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಏಪ್ರಿಲ್ ಬಂದು ನಾಲ್ಕು ದಿನ ಬಿಸಿಲು ಮುಖ ತೋರಿಸ್ತು ಅಂದ್ರೆ ಸಾಕು, ಇಂಗ್ಲೆಂಡಲ್ಲಿರೋ ನಮ್ಮ ಕನ್ನಡದವ್ರಲ್ಲಿ ಯಾರಾದ್ರೂ ಒಬ್ರು ಶುರು ಮಾಡೇ ಮಾಡ್ತಾರೆ, "ಅಕ್ಕಾ, ಫ್ರಾನ್ಸಿಗೆ ಸೈಕಲ್ ತಗೊಂಡು ಹೋಗೋದು ಹೇಗೆ?" ನಾನಿರೋದು ಸಸೆಕ್ಸ್ ಕಡೆ, ನ್ಯೂಹೇವನ್ ಬಂದರು ನಮ್ಮನೆ ಹಿತ್ತಲಿದ್ದ ಹಾಗೆ, ಅಲ್ಲಿಂದ ಸಮುದ್ರದಾಚೆ ಫ್ರಾನ್ಸಿನ ದಿಯೆಪ್ ಬಂದರಿಗೆ ಎಷ್ಟೋ ಸಲ ಹೋಗಿ ಬಂದಿದೀನಿ. ಹಾಗಾಗಿ ಇಲ್ಲಿ ದಿಯೆಪ್ ಮಾತು ಜಾಸ್ತಿ ಬರತ್ತೆ, ಬೇರೆ ಬಂದರಿನವ್ರು ಬೇಜಾರು ಮಾಡ್ಕೋಬೇಡಿ. ಫೋನಲ್ಲಿ, ಮೆಸೇಜಲ್ಲಿ, ಮನೆಗೆ ಊಟಕ್ಕೆ ಬಂದಾಗ ಕೇಳಿದ್ದನ್ನೆಲ್ಲ ಒಂದು ಕಡೆ ಹಾಕಿದೀನಿ. ಹಡಗಿನ ಟೈಮು, ರೇಟು ಸೀಸನ್ ನೋಡ್ಕೊಂಡು ಬದಲಾಗ್ತಿರತ್ತೆ, ಬುಕ್ ಮಾಡೋವಾಗ ನೀವೇ ನೋಡ್ಕೊಳಿ.

## ಮೊದಲನೇ ಸಲ ಹೋಗೋವ್ರಿಗೆ

ಅಕ್ಕಾ, ಯಾವ ಬಂದರಿಗೆ ಹೋಗ್ಲಿ? ಕ್ಯಾಲೆನೇ ಹತ್ರ ಅಲ್ವಾ?

ಹತ್ರ ನಿಜ, ಡೋವರ್ ಇಂದ ಒಂದೂವರೆ ಗಂಟೆ ಅಷ್ಟೇ. ಆದ್ರೆ ಕ್ಯಾಲೆ ಲಾರಿಗಳ ಬಂದರು, ಇಳಿದ ಕೂಡ್ಲೇ ಬೇಲಿ, ಗೋದಾಮು, ದೊಡ್ಡ ದೊಡ್ಡ ಸರ್ಕಲ್ಲು, ಅದನ್ನೆಲ್ಲ ದಾಟಿ ಪಶ್ಚಿಮಕ್ಕೆ ಕ್ಯಾಪ್ ಬ್ಲಾಂ-ನೇ ಅನ್ನೋ ಗುಡ್ಡದ ಕಡೆ ಹೋದ್ಮೇಲೆನೇ ಚೆಂದ. ನ್ಯೂಹೇವನ್–ದಿಯೆಪ್ ನಾಲ್ಕು ಗಂಟೆ, ಪೋರ್ಟ್ಸ್‌ಮತ್ ಇಂದ ಕಾಂ ಊರಿನ ಬಂದರು ವಿಸ್ತ್ರೆಆಮ್‌ಗೆ ಹಗಲಲ್ಲಿ ಆರು ಗಂಟೆ ಹತ್ರ, ಸ್ಯಾಂ ಮಾಲೊಗೆ ರಾತ್ರಿಯೆಲ್ಲ ಪಯಣ, ಪ್ಲಿಮತ್ ಇಂದ ರೊಸ್ಕಾಫ್. ವಿಸ್ತ್ರೆಆಮ್ ಕೂಡ ಒಳ್ಳೇದು, ಬಂದರಿಂದ ಕಾಲುವೆ ಪಕ್ಕದ ದಾರಿ ಹಿಡಿದ್ರೆ ಕಾಂ ಊರಿಗೆ 15 ಕಿಲೋಮೀಟರ್, ಮಧ್ಯ 1944ರ ಜೂನ್ 6ರ ರಾತ್ರಿ ಗ್ಲೈಡರಲ್ಲಿ ಬಂದಿಳಿದವ್ರು ಹಿಡಿದ ಪೆಗಾಸಸ್ ಸೇತುವೆ ಸಿಗತ್ತೆ.

ಮೊದಲನೇ ಸಲಕ್ಕೆ ನಾನು ಹೇಳೋದು ಮಾತ್ರ ದಿಯೆಪ್. ಬಂದರು ಊರಿಗೆ ಅಂಟಿಕೊಂಡೇ ಇದೆ, ಏಳೆಂಟು ಕಿಲೋಮೀಟರ್ ತುಳಿದ್ರೆ ಆರ್ಕ್-ಲ-ಬತಾಯ್, ಅಲ್ಲಿಂದ ಹಳೇ ರೈಲು ಹಳಿ ಕಿತ್ತು ಡಾಂಬರು ಹಾಕಿರೋ ಸೈಕಲ್ ದಾರಿ ಶುರು.

ಇಂಡಿಯನ್ ಪಾಸ್‌ಪೋರ್ಟ್, ಯುಕೆಲಿ ಕೆಲಸದ ವೀಸಾ ಇದೆ. ಹಡಗಲ್ಲಿ ಎರಡೇ ದಿನ ಹೋಗಿಬರೋಕೂ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ) ವೀಸಾ ಬೇಕಾ?

ಬೇಕೇ ಬೇಕು. ಎರಡು ದಿನ ಆದ್ರೂ ಎರಡು ಗಂಟೆ ಆದ್ರೂ. ಆರು ತಿಂಗಳು ಮೊದಲಿಂದ ಅರ್ಜಿ ಹಾಕಬಹುದು, ಕೊನೇ ಪಕ್ಷ 15 ದಿನ ಮೊದಲು ಹಾಕಿರ್ಬೇಕು, ದೊಡ್ಡವ್ರಿಗೆ ಫೀಸು 90 ಯೂರೋ, 30,000 ಯೂರೋ ಆಸ್ಪತ್ರೆ ಖರ್ಚು ಕವರ್ ಆಗೋ ಇನ್ಶೂರೆನ್ಸ್ ಬೇಕು. ಬೇಸಿಗೆ ಹತ್ರ ಬಂದ್ಮೇಲೆ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಹಾಗಾಗಿ ರೂಟ್ ಆಮೇಲೆ ಹಾಕಿ, ಮೊದಲು ಇದು.

ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡವ್ರಿಗೆ ವೀಸಾ ಬೇಡ. ಆದ್ರೆ 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಲಿ ಶುರುವಾಗಿರೋ ಹೊಸ ವ್ಯವಸ್ಥೆಲಿ ಬೆರಳಚ್ಚು, ಫೋಟೋ ಎಲ್ಲ ಇದೆ. ಇನ್ನೊಂದು ವಿಷಯ, ಡೋವರಲ್ಲಿ ಫ್ರೆಂಚ್ ಪೊಲೀಸ್ರು ಇಂಗ್ಲೆಂಡ್ ಕಡೆನೇ ಪಾಸ್‌ಪೋರ್ಟ್ ನೋಡಿ ಕಳಿಸಿಬಿಡ್ತಾರೆ, ದಿಯೆಪ್ ಥರದ ಕಡೆ ಇಳಿದ ಮೇಲೆ ನೋಡೋದು, ಕ್ಯೂ ಇದ್ರೆ ಹೊರಗೆ ಬರೋಕೆ ಮುಕ್ಕಾಲು ಗಂಟೆ ಹಿಡಿದ್ರೂ ಹಿಡೀತು. ಮೊದಲ ದಿನದ ಲೆಕ್ಕದಲ್ಲಿ ಅದನ್ನ ಸೇರಿಸ್ಕೊಳಿ.

ಸೈಕಲ್ ಬಿಚ್ಚಿ ಡಬ್ಬದಲ್ಲಿ ಹಾಕ್ಬೇಕಾ ಫ್ಲೈಟಲ್ಲಿ ಹಾಕೋ ಹಾಗೆ?

ಏನೂ ಬೇಡ, ತುಳ್ಕೊಂಡೇ ಹಡಗಿನ ಹೊಟ್ಟೆ ಒಳಗೆ ಹೋಗೋದು. ಟಿಕೆಟ್ ತಗೊಳೋವಾಗ ಸೈಕಲ್ ಇದೆ ಅಂತ ಹಾಕಿರ್ಬೇಕು ಅಷ್ಟೇ. ಕಾರು, ಬೈಕುಗಳ ಲೈನಲ್ಲಿ ನಿಮ್ಮನ್ನ ನಿಲ್ಲಿಸ್ತಾರೆ, ಹಳದಿ ಜಾಕೆಟ್ಟಿನವ್ರು ಕೈ ಮಾಡಿದಾಗ ಇಳಿಜಾರು ಹತ್ತಿ ಒಳಗೆ. ಅಲ್ಲಿ ನೆಲ ಕಬ್ಬಿಣದ್ದು, ಮೇಲೆ ಎಣ್ಣೆ ಜಿಡ್ಡು, ಕ್ಲೀಟ್ (ಪೆಡಲ್ಲಿಗೆ ಸಿಕ್ಕಿಸೋ ಗಟ್ಟಿ ತುಂಡು) ಹಾಕಿದ ಶೂಲಿ ಕಾಲಿಟ್ರೆ ಐಸ್ ಮೇಲೆ ನಿಂತ ಹಾಗೆ, ದಯವಿಟ್ಟು ಇಳಿದು ತಳ್ಕೊಂಡು ಹೋಗಿ. ಗೋಡೆ ಪಕ್ಕ ಕಂಬಿ ಇರತ್ತೆ, ಹಡಗಿನವ್ರು ಕೊಡೋ ಹಗ್ಗ ಬೆರಳಷ್ಟು ದಪ್ಪ, ಉಪ್ಪುನೀರು ಕುಡಿದು ಗಟ್ಟಿಯಾಗಿರತ್ತೆ, ಅದು ಫ್ರೇಮಿಗೆ ತಾಗಿದ್ರೆ ಪೇಂಟ್ ಹೋಯ್ತು. ನಾನು ಒಂದು ಹಳೇ ಪಂಚೆ ಹರಿದು ಎರಡು ತುಂಡು ಮಾಡಿ ಇಟ್ಕೊಂಡಿದೀನಿ, ನನ್ನ ಸೈಕಲ್ಲಿಗೂ ಪಕ್ಕದವ್ರ ಸೈಕಲ್ಲಿಗೂ ಮಧ್ಯ ಅದೇ ಗಾದಿ. ಹಡಗು ಹೊರಟ ಮೇಲೆ ಕೆಳಗೆ ಬಿಡಲ್ಲ, ಪಾಸ್‌ಪೋರ್ಟು, ಸ್ವೆಟರು, ತಿಂಡಿ ಎಲ್ಲ ಮೊದಲೇ ಮೇಲೆ ತಗೊಂಡು ಹೋಗಿ.

ಬೆಂಗಳೂರಲ್ಲಿ 200 ಕಿಲೋಮೀಟರಿನ ಬಿಆರ್‌ಎಂ (ಟೈಮ್ ಮಿತಿಯೊಳಗೆ ಮುಗಿಸೋ ದೂರದ ಸೈಕಲ್ ಸವಾರಿ) ಹದಿಮೂರೂವರೆ ಗಂಟೆ ಒಳಗೆ ಮುಗಿಸಿದೀನಿ ಮೇಡಂ, ದಿನಕ್ಕೆ 150 ಹಾಕ್ಲಾ?

ಕಾಲಿಗೆ ತಾಕತ್ತಿದೆ, ಒಪ್ಪಿದೆ. ಆದ್ರೆ ಹೈವೇ ಪಕ್ಕ ನೇರ ತುಳಿಯೋದೇ ಬೇರೆ, ಇಲ್ಲಿ ಪ್ರತಿ ಮೂರು ಕಿಲೋಮೀಟರಿಗೆ ಒಂದು ಹಳ್ಳಿ, ಒಂದು ತಿರುವು, ಒಂದು ಚರ್ಚು, ಒಂದು ಫೋಟೋ. ನಂದಿ ಬೆಟ್ಟ ಹತ್ತಿದವ್ರಿಗೆ ನಾರ್ಮಂಡಿಯ ಒಂದೊಂದು ಏರೂ ಲೆಕ್ಕಕ್ಕಿಲ್ಲ, ಆದ್ರೆ ಅಂಥವು ದಿನಕ್ಕೆ ಹದಿನೈದು ಬಂದಾಗ ಸಂಜೆಗೆ ಮಂಡಿ ಮಾತಾಡತ್ತೆ. ನನ್ನ ಅಳತೆ ಏನಂದ್ರೆ ಬ್ಯಾಗ್ ಹೊತ್ತಿದ್ರೆ ದಿನಕ್ಕೆ 60–80, ಖಾಲಿ ಸೈಕಲ್ ಆದ್ರೆ 100. ಹಡಗು ಇಳಿದ ದಿನ ಅದರಲ್ಲೂ ಅರ್ಧ, ಯಾಕಂದ್ರೆ ಗಡಿಯಾರ ಒಂದು ಗಂಟೆ ಮುಂದೆ ಹೋಗಿರತ್ತೆ, ನಿದ್ದೆನೂ ಸರಿ ಆಗಿರಲ್ಲ.

## ದಾರಿ ಹಾಕೋದು

ಮ್ಯಾಪ್ ತೆಗೆದ್ರೆ ಎ, ಎನ್, ಡಿ ಅಂತ ನಂಬರ್ ಕಾಣತ್ತೆ. ಯಾವುದರಲ್ಲಿ ಹೋಗ್ಬೇಕು?

ಎ ಅಂದ್ರೆ ಆಟೋರೂಟ್, ಸೈಕಲ್ಲಿಗೆ ಪ್ರವೇಶನೇ ಇಲ್ಲ. ಎನ್ ನ್ಯಾಷನಲ್ ರಸ್ತೆ, ಅದರಲ್ಲಿ ಎಷ್ಟೋ ತುಂಡು ಆಟೋರೂಟಿಗೆ ಸಮ, ನೀಲಿ ಚೌಕದಲ್ಲಿ ಬಿಳಿ ಕಾರಿನ ಚಿತ್ರ ಕಂಡ್ರೆ ವಾಪಸ್ ತಿರುಗಿ. ನಮಗೆ ಬೇಕಾಗಿರೋದು ಡಿ, ಜಿಲ್ಲಾ ರಸ್ತೆ ಅನ್ಕೊಳಿ. ಡಿ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ, ಮೂರಂಕಿ ನಂಬರಿನವು ಸಾಮಾನ್ಯವಾಗಿ ಸುಮ್ಮನಿರ್ತಾವೆ. ಆದ್ರೆ ಕೆಲವು ಹಳೇ ನ್ಯಾಷನಲ್ ರಸ್ತೆಗಳನ್ನ ಜಿಲ್ಲೆಗೆ ಕೊಟ್ಟು ಡಿ ಮಾಡಿದಾರೆ, ಅವು ಇವತ್ತಿಗೂ ಲಾರಿ ರಸ್ತೆಗಳೇ. ನಂಬರಿಗಿಂತ ಬಣ್ಣ ನಂಬಿ. ಮಿಶ್ಲ್ಯಾಂ ಕಾಗದದ ಮ್ಯಾಪಲ್ಲಿ ಕೆಂಪು ಬೇಡ, ಹಳದಿ ನೋಡಿಕೊಂಡು, ಬಿಳಿ ಬೇಕು, ಪಕ್ಕದಲ್ಲಿ ಹಸಿರು ಗೆರೆ ಇದ್ರೆ ಕಣ್ಣಿಗೆ ಹಬ್ಬ.

ಆ್ಯಪ್ ಇದ್ಯಲ್ಲ, ಎರಡು ಪಾಯಿಂಟ್ ಒತ್ತಿದ್ರೆ ಅದೇ ರೂಟ್ ಕೊಡತ್ತೆ. ಇಷ್ಟೆಲ್ಲ ತಲೆಬಿಸಿ ಯಾಕೆ?

ಕೊಡತ್ತೆ. ಒಂದು ಸಲ ಒಂದು ಆ್ಯಪ್ ನಮ್ಮನ್ನ "ಶಾರ್ಟ್‌ಕಟ್" ಅಂತ ಹೊಲದ ಮಧ್ಯಕ್ಕೆ ಕಳಿಸ್ತು, ಎರಡು ಕಿಲೋಮೀಟರ್ ಟ್ರ್ಯಾಕ್ಟರ್ ಗಾಲಿ ಹಳ್ಳ, 28 ಎಂಎಂನ ತೆಳ್ಳನೆ ಟೈರು, ಮಳೆ ನಿಂತು ಅರ್ಧ ಗಂಟೆ ಆಗಿತ್ತು. ಬ್ರೇಕಿಗೆ ಮಣ್ಣು ಮೆತ್ಕೊಂಡು ಚಕ್ರನೇ ತಿರುಗಲ್ಲ, ಕಡ್ಡಿ ತಗೊಂಡು ಕೆರೀತಾ ಕೂತಿದ್ವಿ. ಅದಾದ ಮೇಲೆ ನಾನು ಮಾಡೋದು ಇಷ್ಟು: ರೋಡ್ ಬೈಕ್ ಅಂತ ಸೆಟ್ ಮಾಡೋದು, ಬಂದ ರೂಟನ್ನ ಉಪಗ್ರಹ ಚಿತ್ರದ ಮೇಲೆ ಇಟ್ಟು ಹಳ್ಳಿಯಿಂದ ಹಳ್ಳಿಗೆ ಎಳೆದು ನೋಡೋದು, ಡೌಟ್ ಬಂದ ಕಡೆ ರಸ್ತೆ ಮಟ್ಟದ ಫೋಟೋ ನೋಡೋದು. ನೂರು ಕಿಲೋಮೀಟರಿಗೆ ಇಪ್ಪತ್ತು ನಿಮಿಷ ಸಾಕು. ನೆಟ್‌ವರ್ಕ್ ಇಲ್ದಿದ್ರೂ ನಡೆಯೋ ಹಾಗೆ ಮ್ಯಾಪ್ ಇಳಿಸ್ಕೊಂಡಿರಿ, ಕಣಿವೆಗಳಲ್ಲಿ ಸಿಗ್ನಲ್ ಕೈ ಕೊಡತ್ತೆ.

ಬಂದರಿಂದ ಹೊರಗೆ ಬರೋ ಆ ಮೊದಲ ಹತ್ತು ನಿಮಿಷನೇ ಭಯ. ಬಲಗಡೆ ಹೋಗೋದು ಮರೆತು ಹೋದ್ರೆ?

ಮರೀತೀರ, ಆದ್ರೆ ಹೊರಡೋವಾಗಲ್ಲ. ಮೊದಲು ನಾಲ್ಕು ಜನ ಇದ್ದಾರೆ, ಎಲ್ಲರ ತಲೇಲೂ ಅದೇ ಇರತ್ತೆ. ತಪ್ಪೋದು ಮೂರು ಗಂಟೆ ಆದ್ಮೇಲೆ, ಖಾಲಿ ಹಳ್ಳೀಲಿ ಕಾಫಿ ಕುಡಿದು ಸೈಕಲ್ ಹತ್ತೋವಾಗ, ಎದುರಿಗೆ ಯಾರೂ ಇರಲ್ವಲ್ಲ, ಅಭ್ಯಾಸಬಲದಲ್ಲಿ ಎಡಕ್ಕೆ ಹೋಗ್ಬಿಡ್ತೀವಿ. ನಮ್ಮ ಗುಂಪಲ್ಲಿ ಹತ್ತೋ ಮೊದಲು ಯಾರಾದ್ರೂ ಒಬ್ರು "ಬಲಕ್ಕೆ!" ಅಂತ ಕೂಗಲೇಬೇಕು ಅಂತ ರೂಲ್ ಇದೆ.

ಬಂದರಲ್ಲಿ ಉಪಾಯ ಒಂದೇ, ಕಾರುಗಳೆಲ್ಲ ಹೋಗ್ಲಿ ಅಂತ ಹತ್ತು ನಿಮಿಷ ಪಕ್ಕಕ್ಕೆ ನಿಲ್ಲೋದು. ಆಮೇಲೆ "ತೂತ್ ದಿರೆಕ್ಸಿಯೋಂ", ಅಂದ್ರೆ ಎಲ್ಲ ದಿಕ್ಕಿಗೂ ಅನ್ನೋ ಬೋರ್ಡು ಕಾಣತ್ತೆ, ಅದರ ಹಿಂದೆ ಹೋಗಬೇಡಿ, ಅದು ಕಾರಿನವ್ರನ್ನ ಊರ ಹೊರಗಿನ ದೊಡ್ಡ ರಸ್ತೆಗೆ ಸಾಗಹಾಕೋಕೆ ಹಾಕಿರೋದು. ನಮಗೆ ಊರೊಳಗಿನ ದಾರಿ, ಇಲ್ಲಾ ಬಿಳಿ ಹಲಗೆ ಮೇಲೆ ಹಸಿರು ಸೈಕಲ್ ಚಿತ್ರ ಇರೋ ಬೋರ್ಡು.

ಎಲ್ಲಾ ಬಿಡಿ ಅಕ್ಕಾ, ದಿಯೆಪ್ ಇಂದ ಮೂರು ದಿನದ್ದು ಒಂದು ರೂಟ್ ಹೇಳಿಬಿಡಿ ಸಾಕು

ತಗೊಳಿ. ಮೊದಲ ದಿನ ದಿಯೆಪ್ ಇಂದ ಫೋರ್ಜ್-ಲೆ-ಝೋ, 55 ಕಿಲೋಮೀಟರ್ ಹತ್ರ. ಇದು 2012ರಲ್ಲಿ ಶುರುವಾದ ಲಂಡನ್–ಪ್ಯಾರಿಸ್ ಸೈಕಲ್ ದಾರಿ ಅವೆನ್ಯೂ ವರ್ಟ್‌ನ ಭಾಗ. ರೈಲಿನ ಹಾದಿ ಆದ್ದರಿಂದ ಏರು ಗೊತ್ತೇ ಆಗಲ್ಲ, ಆದ್ರೂ ದಕ್ಷಿಣಕ್ಕೆ ಹೋಗ್ತಾ ಸಣ್ಣಗೆ ಏರ್ತಾನೇ ಇರತ್ತೆ, "ಯಾಕೋ ಇವತ್ತು ಕಾಲೇ ಇಲ್ಲ" ಅನ್ನಿಸಿದ್ರೆ ಕಾರಣ ಅದು. ರಸ್ತೆ ಅಡ್ಡ ಬಂದಲ್ಲೆಲ್ಲ ಗೇಟು ಇರತ್ತೆ, ನಿಧಾನ. ಮೆನಿಯೇರ್ ಹತ್ರ ಗೋಪುರಗಳಿರೋ ಅರಮನೆ ಕಾಣತ್ತೆ, ನ್ಯೂಶಾಟೆಲ್‌ನಲ್ಲಿ ಹೃದಯದ ಆಕಾರದ ಚೀಸ್ ಸಿಗತ್ತೆ.

ಎರಡನೇ ದಿನ ಫೋರ್ಜ್ ಇಂದ ಲಿಯೋಂ-ಲ-ಫೊರೆ ಮೇಲೆ ರುಆನ್‌ಗೆ, 70 ಕಿಲೋಮೀಟರ್. ಲಿಯೋಂ ಸುತ್ತ ಬೀಚ್ ಮರದ ಕಾಡು, ಬೇಸಿಗೆ ಮಧ್ಯಾಹ್ನನೂ ಒಳಗೆ ತಣ್ಣಗಿರತ್ತೆ, ಊರ ಮಧ್ಯ ಮರದ ಕಂಬಗಳ ಹಳೇ ಸಂತೆಕಟ್ಟೆ ಇದೆ, ಅದರ ಎದುರು ಕೂತು ಕಾಫಿ ಕುಡಿಯದೆ ಬರಬೇಡಿ. ರುಆನ್ ಇರೋದು ಸೇನ್ ನದಿ ತಗ್ಗಲ್ಲಿ, ಇಳಿಯೋವಾಗ ಖುಷಿ. ಮೂರನೇ ದಿನ ಆ ತಗ್ಗಿಂದ ಉತ್ತರಕ್ಕೆ ಹತ್ತಬೇಕಲ್ಲ, ಬೆಳಿಗ್ಗೆ ಬೆಳಿಗ್ಗೆನೇ ಬೆವರು. ಪ್ರಸ್ಥಭೂಮಿ ಮೇಲೆ ಬಂದ್ಮೇಲೆ ಸಣ್ಣ ರಸ್ತೆಗಳಲ್ಲಿ ದಿಯೆಪ್‌ಗೆ 65. ಮಳೆ ಬಂದ್ರೆ, ಕಾಲು ಸೋತ್ರೆ ರುಆನ್–ದಿಯೆಪ್ ರೈಲಿದೆ, ಸೈಕಲ್ ಹಾಕಬಹುದು, ಗಂಟೆಯೊಳಗೆ ತಲುಪ್ತೀರ. ಈ ರೂಟಿನ ಗುಟ್ಟೇ ಆ ರೈಲು.

ಸಮುದ್ರದ ಪಕ್ಕಾನೇ ಹೋದ್ರೆ ಚಪ್ಪಟೆ ಇರತ್ತಲ್ವಾ?

ಎಲ್ಲರೂ ಹೀಗೇ ಅನ್ಕೊಂಡು ಏಮಾರ್ತಾರೆ. ದಿಯೆಪ್ ಸುತ್ತ ಸಮುದ್ರ ದಂಡೆ ಅಂದ್ರೆ ಸುಣ್ಣಕಲ್ಲಿನ ಬಂಡೆಗೋಡೆ, ಅದನ್ನ ಅಲ್ಲಲ್ಲಿ ಸಣ್ಣ ಸಣ್ಣ ಕಣಿವೆಗಳು ಸೀಳಿವೆ, ಪ್ರತಿ ಊರೂ ಒಂದೊಂದು ಸೀಳಿನ ಬಾಯಲ್ಲಿದೆ. ಊರಿಗೆ ಇಳಿ, ಹತ್ತು, ಐದು ಕಿಲೋಮೀಟರ್ ಹೋಗು, ಮತ್ತೆ ಇಳಿ. ಬೇಕಂತಲೇ ಒಂದು ದಿನ ಇಟ್ಕೊಳಿ, ಚೆನ್ನಾಗಿರತ್ತೆ: ವಾರಾಂಜ್‌ವಿಲ್ ಊರಲ್ಲಿ ಬಂಡೆ ಅಂಚಿನ ಚರ್ಚು, ಚಿತ್ರಕಾರ ಜಾರ್ಜ್ ಬ್ರಾಕ್ ಸಮಾಧಿ ಅಲ್ಲೇ ಇರೋದು, ಅದರಾಚೆ ವೆಲ್-ಲೆ-ರೋಸ್, ಹುಟ್ಟಿದ ಕಡೆಯಿಂದ ಒಂದು ಕಿಲೋಮೀಟರ್ ಚಿಲ್ಲರೆ ಹರಿದು ಸಮುದ್ರ ಸೇರೋ ಪುಟ್ಟ ನದಿ. ನಮ್ಮ ಕಾವೇರಿ ನೋಡಿದವ್ರಿಗೆ ಅದು ಹೊಲದ ಕಾಲುವೆ ಅನ್ನಿಸತ್ತೆ, ಆದ್ರೂ ಮುದ್ದಾಗಿದೆ.

## ರಸ್ತೆ ಮೇಲೆ, ಹೊಟ್ಟೆ ಬಗ್ಗೆ

ಅಲ್ಲಿ ಸೈಕಲ್ಲಿಗೆ ಯಾವ್ಯಾವ ರೂಲ್ ಇದೆ? ಫೈನ್ ಹಾಕ್ತಾರಾ?

ಹಾಕ್ತಾರೆ. 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ, ದೊಡ್ಡವ್ರಿಗೆ ಕಾನೂನಲ್ಲಿ ಇಲ್ಲ, ಆದ್ರೂ ಹಾಕ್ಕೊಳಿ. ಬೆಲ್ ಇರಲೇಬೇಕು. ರಾತ್ರಿ ಅಥವಾ ಮಂಜಲ್ಲಿ ಊರ ಹೊರಗೆ ಹೊಳೆಯೋ ಜಾಕೆಟ್, ಲೈಟು. ಕಿವಿಗೆ ಇಯರ್‌ಫೋನ್ ಹಾಕೋ ಹಾಗಿಲ್ಲ, 2015ರಿಂದ.

ನಿಜವಾಗ್ಲೂ ತಲೇಲಿ ಇಟ್ಕೋಬೇಕಾದ್ದು "ಬಲಗಡೆಯವ್ರಿಗೆ ಮೊದಲು" ಅನ್ನೋ ನಿಯಮ. ಬೋರ್ಡೇ ಇಲ್ಲದ ಕೂಡುರಸ್ತೆಲಿ ನಿಮ್ಮ ಬಲದ ಸಂದಿಯಿಂದ ಬರೋ ಕಾರಿಗೆ ದಾರಿ ಬಿಡಬೇಕು, ನೀವು ದೊಡ್ಡ ರಸ್ತೇಲಿದ್ರೂ ಅಷ್ಟೇ. ಹಳ್ಳಿಗಳಲ್ಲಿ ಇಳಿಜಾರಲ್ಲಿ ಜೋರಾಗಿ ಬರೋವಾಗ ಇದು ಅಪಾಯ, ಆ ಕಾರಿನವ್ರು ನಿಮ್ಮ ಕಡೆ ತಿರುಗಿನೂ ನೋಡಲ್ಲ, ಹಕ್ಕು ಅವ್ರದ್ದೇ. ಹಳದಿ ವಜ್ರಾಕಾರದ ಬೋರ್ಡ್ ಕಂಡ್ರೆ ನಿಮ್ಮ ರಸ್ತೆಗೆ ಹಕ್ಕಿದೆ, ಅದರ ಮೇಲೆ ಗೀಟು ಹೊಡೆದಿದ್ರೆ ಮುಗೀತು. ಸರ್ಕಲ್ಲುಗಳಲ್ಲಿ ಮಾತ್ರ ಒಳಗಿರೋವ್ರಿಗೆ ಮೊದಲು, ನೆನಪಿರ್ಲಿ, ಎಡದಿಂದ ಬರ್ತಾರೆ. ಇನ್ನು ಒನ್‌ವೇ ಬೋರ್ಡಿನ ಕೆಳಗೆ "ಸೋಫ್ ವೆಲೊ" ಅಂತಿದ್ರೆ ಸೈಕಲ್ಲಿಗೆ ಬಿಟ್ಟಿದಾರೆ ಅಂತ ಅರ್ಥ, ಧೈರ್ಯವಾಗಿ ಹೋಗಿ.

ನಾವು ಪಕ್ಕಾ ವೆಜ್. ಮೂರು ದಿನ ಬ್ರೆಡ್ಡಲ್ಲೇ ಬದುಕಬೇಕಾ?

ಬ್ರೆಡ್ಡು ಅಂದ್ರೆ ಸಾಮಾನ್ಯ ಬ್ರೆಡ್ಡಲ್ಲ, ಬಿಸಿ ಬಾಗೆತ್ ಮುರಿದು ಅದರೊಳಗೆ ಚಟ್ನಿಪುಡಿ ಹಾಕ್ಕೊಂಡು ತಿಂದು ನೋಡಿ ಆಮೇಲೆ ಮಾತಾಡಿ. ಊಟಕ್ಕೆ ನಂಬಬಹುದಾದ್ದು ಗಾಲೆತ್, ಬಕ್‌ವೀಟ್ ಹಿಟ್ಟಿನ ದೋಸೆ, ಬಣ್ಣ ನಮ್ಮ ರಾಗಿ ದೋಸೆದೇ. ಮೊಟ್ಟೆ ತಿನ್ನೋವ್ರು "ಕಂಪ್ಲೇತ್" ಕೇಳಿ, ಆದ್ರೆ ಅದರಲ್ಲಿ ಹಂದಿ ಮಾಂಸ ಇರತ್ತೆ, "ಸಾಂ ಜಾಂಬೋಂ" ಅಂತ ಸೇರಿಸಬೇಕು. ಸಲಾಡ್ ಹೆಸರು ಕೇಳಿ ಮೋಸ ಹೋಗಬೇಡಿ, ಅದರಲ್ಲಿ ಲಾರ್ದೋಂ ಅಂತ ಸಣ್ಣ ಸಣ್ಣ ಹಂದಿ ಚೂರು ಉದುರಿಸಿರ್ತಾರೆ. ವೆಜಿಟೇರಿಯನ್ ಅಂದ್ರೆ ಕೆಲವು ಕಡೆ ಮೀನು ತರ್ತಾರೆ, ಅದಕ್ಕೆ "ಸಾಂ ವ್ಯಾಂದ್, ಸಾಂ ಪ್ವಾಸೋಂ", ಮಾಂಸನೂ ಬೇಡ ಮೀನೂ ಬೇಡ ಅಂತ ಪೂರ್ತಿ ಹೇಳಿ. ಸಾಂಪ್ರದಾಯಿಕ ಚೀಸಿಗೆ ಹಾಲು ಗಟ್ಟಿಯಾಗೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ, ಅದು ನಡೆಯತ್ತಾ ಇಲ್ವಾ ನಿಮಗೆ ಬಿಟ್ಟಿದ್ದು.

ಮನೆಯಿಂದ ಕಟ್ಕೊಂಡು ಹೋಗೋವ್ರು ಇದನ್ನ ಓದಿ: ಬ್ರಿಟನ್ನಿಂದ ಹಾಲಿನ ಪದಾರ್ಥ, ಮಾಂಸ ಯಾವುದೂ ಫ್ರಾನ್ಸಿಗೆ ತಗೊಂಡು ಹೋಗೋ ಹಾಗಿಲ್ಲ. ಮೊಸರನ್ನದ ಡಬ್ಬಿ, ಪನೀರ್ ರೋಲು, ಪೇಡ ಎಲ್ಲ ಹಡಗಲ್ಲೇ ಖಾಲಿ ಮಾಡಿ. ಪುಳಿಯೋಗರೆಗೆ ತಕರಾರಿಲ್ಲ.

ಸೋಮವಾರ ಎಲ್ಲಾ ಬಾಗಿಲು ಹಾಕಿರತ್ತಂತೆ, ನಿಜಾನಾ?

ಎಲ್ಲಾ ಅಲ್ಲ, ಆದ್ರೆ ನಿಮಗೆ ಬೇಕಾದ್ದೇ ಹಾಕಿರತ್ತೆ. ಭಾನುವಾರ ಮಧ್ಯಾಹ್ನದ ಮೇಲೆ ಹಳ್ಳಿ ಕಡೆ ಏನೂ ಇಲ್ಲ, ಸೋಮವಾರ ಎಷ್ಟೋ ಬೇಕರಿಗಳಿಗೆ ರಜ, ಮಿಕ್ಕ ದಿನ ಹನ್ನೆರಡೂವರೆಯಿಂದ ಎರಡು, ಎರಡೂವರೆ ತನಕ ಅಂಗಡಿಗಳಿಗೆ ಬೀಗ, ಹೋಟೆಲಲ್ಲಿ ಎರಡು ಗಂಟೆ ದಾಟಿದ್ರೆ ಅಡುಗೆಮನೆ ಬಂದ್. ಮೇ ತಿಂಗಳಲ್ಲಿ 1, 8, ಆಮೇಲೆ ಅಸೆನ್ಷನ್ ಗುರುವಾರ ಅಂತ ರಜಗಳ ಸಾಲೇ ಬರತ್ತೆ.

ಒಂದು ಸೋಮವಾರ ನಾವಿಬ್ರು ಫೋರ್ಜ್ ಬಿಟ್ಟು ನಾಲ್ಕು ಹಳ್ಳಿ ದಾಟಿದ್ವಿ, ನಾಲ್ಕರಲ್ಲೂ ಪರದೆ ಎಳೆದಿತ್ತು. ಐದನೇ ಹಳ್ಳಿ ಚರ್ಚ್ ಪಕ್ಕ ಬಾಗೆತ್ ಮಾರೋ ಮೆಷಿನ್ನು, ಎಟಿಎಂ ಥರದ್ದು, ಒಳಗೆ ಬ್ರೆಡ್ಡಿನ ತುದಿಗಳು ಸಾಲಾಗಿ ಕಾಣ್ತಿವೆ. ಅದಕ್ಕೆ ಬೇಕಾಗಿದ್ದು ಚಿಲ್ಲರೆ ನಾಣ್ಯ, ನಮ್ಮ ಹತ್ರ ಇದ್ದಿದ್ದು ಕಾರ್ಡು ಮತ್ತು 20ರ ನೋಟು. ನಮ್ಮೆಜಮಾನ್ರು ಸೀಟ್ ಕೆಳಗಿನ ಬ್ಯಾಗ್ ಪೂರ್ತಿ ನೆಲಕ್ಕೆ ಸುರಿದು, ಪಂಚರ್ ಕಿಟ್ ಡಬ್ಬಿಯೊಳಗಿಂದ ಎರಡು ಯೂರೋದ ಒಂದು ನಾಣ್ಯ ತೆಗೆದ್ರು, ಹೋದ ವರ್ಷ ಯಾವಾಗಲೋ ಇಟ್ಟಿದ್ದಂತೆ. ಅವತ್ತಿಂದ ಪಂಚರ್ ಕಿಟ್ಟಲ್ಲಿ ನಾಣ್ಯ ಇರಲೇಬೇಕು.

ನೀರಿಗೆ ಮಾತ್ರ ಚಿಂತೆ ಇಲ್ಲ, ಪ್ರತಿ ಹಳ್ಳಿ ಸ್ಮಶಾನದಲ್ಲೂ ಹೂಗಿಡಕ್ಕೆ ಅಂತ ನಲ್ಲಿ ಇರತ್ತೆ, "ನೊಂ ಪೊತಾಬ್ಲ್" ಅಂತ ಬರೆದಿಲ್ಲ ಅಂದ್ರೆ ತುಂಬಿಸ್ಕೊಳಿ. ಮೊದಲ ಸಲ ಸ್ಮಶಾನದ ನೀರು ಅಂದಾಗ ನಮ್ಮತ್ತೆ ಫೋನಲ್ಲೇ "ರಾಮ ರಾಮ" ಅಂದ್ರು.

## ಸ್ವಲ್ಪ ಪಳಗಿದವ್ರಿಗೆ

ವಾಪಸ್ ಹಡಗು ತಪ್ಪಿಸ್ಕೊಳ್ದೆ ಇರೋ ಹಾಗೆ ಪ್ಲಾನ್ ಮಾಡೋದು ಹೇಗೆ? ಒಂದು ಬಂದರಲ್ಲಿಳಿದು ಇನ್ನೊಂದರಿಂದ ಬರಬಹುದಾ?

ನಾನು ರೂಟ್ ಹಾಕೋದೇ ಹಿಂದಿನಿಂದ. ಮೊದಲು ವಾಪಸ್ ಹಡಗಿನ ಟೈಮ್, ಅದಕ್ಕಿಂತ ಒಂದೂವರೆ ಗಂಟೆ ಮೊದಲು ಬಂದರಲ್ಲಿ, ಅದಕ್ಕಿಂತ ಹಿಂದಿನ ರಾತ್ರಿ ಬಂದರಿಂದ 40 ಕಿಲೋಮೀಟರಿನೊಳಗೆ ಎಲ್ಲಾದ್ರೂ ಮಲಗಿರ್ಬೇಕು, ಇಲ್ಲಾ ಮಧ್ಯ ರೈಲು ಸ್ಟೇಷನ್ ಇರೋ ಕಡೆ. ಮಿಕ್ಕ ದಿನಗಳನ್ನ ಆಮೇಲೆ ತುಂಬಿಸೋದು. ಜನ ಉಲ್ಟಾ ಮಾಡ್ತಾರೆ, ಮೊದಲ ದಿನ ಆಸೆಯಿಂದ ದೂರ ಹೋಗಿ ಕೊನೇ ದಿನ ಎದುರುಗಾಳಿಲಿ ಅಳ್ತಾ ಬರ್ತಾರೆ.

ಬೇರೆ ಬೇರೆ ಬಂದರು ಧಾರಾಳವಾಗಿ ಮಾಡಬಹುದು, ಒಂದೊಂದು ಕಡೆ ಟಿಕೆಟ್ ತಗೊಂಡ್ರಾಯ್ತು. ವಿಸ್ತ್ರೆಆಮ್‌ನಲ್ಲಿಳಿದು ದಿಯೆಪ್ ಇಂದ ವಾಪಸ್ ನನಗಿಷ್ಟ, ಯಾಕಂದ್ರೆ ಈ ಕಡಲತೀರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸತ್ತೆ, ಪೂರ್ವಕ್ಕೆ ಹೊರಟ್ರೆ ಬೆನ್ನಿಗೆ ಗಾಳಿ. ರೊಸ್ಕಾಫ್ ಇಂದ ಡಂಕರ್ಕ್ ತನಕ ಸುಮಾರು 1,500 ಕಿಲೋಮೀಟರ್ ವೆಲೊಮಾರಿತೀಮ್ ದಾರಿ ಇದೆ, ಅದನ್ನ ಮಾಡೋವ್ರಿಗೂ ಇದೇ ಮಾತು, ರೊಸ್ಕಾಫ್ ಕಡೆಯಿಂದ ಶುರು ಮಾಡಿ.

ಹಾಗೆ ಬಂದ್ರೆ ಮಧ್ಯ ಸೇನ್ ನದಿ ಅಡ್ಡ ಬರತ್ತಲ್ಲ, ಆ ದೊಡ್ಡ ಸೇತುವೆ ಮೇಲೆ ಹೋಗ್ಬೇಕಾ?

ನಾರ್ಮಂಡಿ ಸೇತುವೆ ಮೇಲೆ ಸೈಕಲ್ಲಿಗೆ ಜಾಗ ಇದೆ, ದುಡ್ಡೂ ಇಲ್ಲ. ಆದ್ರೆ ಗಾಳಿ ಇದ್ದ ದಿನ ಅಷ್ಟೆತ್ತರದಲ್ಲಿ ಲಾರಿ ಪಕ್ಕ ಹೋಗೋದು ನನ್ನ ಕೈಲಾಗಲ್ಲ. ಅದಕ್ಕಿಂತ ಒಳಗೆ, ರುಆನ್ ಕಡೆ ಬಂದ್ರೆ ನದಿ ದಾಟಿಸೋಕೆ ಬಾಕ್ ಅಂತ ಸಣ್ಣ ಫೆರ್ರಿಗಳಿವೆ, ಜಿಲ್ಲೆಯವ್ರು ನಡೆಸೋದು, ಪುಕ್ಕಟೆ. ಜ್ಯುಮಿಯೇಜ್ ಹತ್ರದ್ದು ನನಗಿಷ್ಟ, ದಾಟಿದ್ರೆ ಮುರಿದ ಮಠದ ಎರಡು ಬಿಳಿ ಗೋಪುರ ಎದುರಿಗೇ ನಿಂತಿರ್ತಾವೆ.

ಫ್ರಾನ್ಸಲ್ಲಿ ಇಂಡಿಯನ್ ಸೈನಿಕರ ಸ್ಮಾರಕ ಇದ್ಯಂತಲ್ಲ, ಸೈಕಲಲ್ಲಿ ಹೋಗಬಹುದಾ?

ನ್ಯೂವ್ ಶಾಪೆಲ್. ಡಂಕರ್ಕ್ ಬಂದರಿಂದ 70 ಕಿಲೋಮೀಟರ್ ಹತ್ರ, ಹೆಚ್ಚುಕಮ್ಮಿ ಚಪ್ಪಟೆ ನೆಲ. 1915ರ ಮಾರ್ಚ್ 10ರಿಂದ 13ರ ತನಕ ಅಲ್ಲಿ ಯುದ್ಧ ಆಯ್ತು, ಸ್ಮಾರಕ 1927ರದ್ದು, ದುಂಡಗಿನ ಅಂಗಳ, ಮಧ್ಯ ಅಶೋಕ ಸ್ತಂಭ ನೆನಪಿಸೋ ಕಂಬ, ಎರಡೂ ಕಡೆ ಹುಲಿ. ಗೋಡೆ ಮೇಲೆ 4,700ಕ್ಕೂ ಹೆಚ್ಚು ಹೆಸರು, ಗೋರಿ ಎಲ್ಲಿದೆ ಅಂತ ಗೊತ್ತಿಲ್ಲದವ್ರು. ಇದನ್ನ ಒಂದು ದಿನದಲ್ಲಿ ಹೋಗಿ ಬರೋ ಹಾಗೆ ಹಾಕಬೇಡಿ, ಅಲ್ಲಿ ನಿಂತ್ಮೇಲೆ ಬೇಗ ಹೊರಡೋಕೆ ಮನಸ್ಸು ಬರಲ್ಲ.

2027ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ದೂರದ ಸೈಕಲ್ ಸವಾರಿಗೆ ಬರೋ ಪ್ಲಾನ್ ಇದೆ. ಲಂಡನ್ನಲ್ಲಿ ಅಣ್ಣ ಇದಾನೆ, ಅಲ್ಲಿಂದ ಹಡಗಲ್ಲಿ ಬಂದು ತುಳ್ಕೊಂಡು ಸ್ಟಾರ್ಟಿಗೆ ಹೋಗ್ಲಾ?

ದಿಯೆಪ್ ಇಂದ ಸ್ಟಾರ್ಟ್ ಆಗೋ ಊರು ರಾಂಬೂಯೆಗೆ 180–200 ಕಿಲೋಮೀಟರ್, ಎರಡು ದಿನದ ಸಲೀಸು ಸವಾರಿ. ಕಾಲು ಬಿಸಿ ಆಗತ್ತೆ, ಬಲಗಡೆ ಓಡಿಸೋ ಅಭ್ಯಾಸನೂ ಆಗತ್ತೆ. ಆದ್ರೆ ಮುಂದೆ 90 ಗಂಟೆಯಲ್ಲಿ 1,200 ಕಿಲೋಮೀಟರ್ ಇದೆ, ಅದಕ್ಕೆ ಮೂರು ದಿನ ಮೊದಲಾದ್ರೂ ತಲುಪಿ ಕಾಲು ಚಾಚಿ ಮಲಗಿ. ಯುಕೆದೂ ಷೆಂಗೆನ್ನೂ ಎರಡೂ ವೀಸಾ ಬೇಕು, ಆಗಸ್ಟ್ 15 ಫ್ರಾನ್ಸಲ್ಲೂ ರಜ, ಅಂಗಡಿ ಲೆಕ್ಕ ನೋಡ್ಕೊಳಿ.

ಆ ಹೃದಯದ ಆಕಾರದ ಚೀಸ್ ನಮಗೂ ಒಂದು ತನ್ನಿ ಅಕ್ಕಾ

ತರೋ ಹಾಗಿಲ್ಲ ಕಣ್ರಪ್ಪ. 2025ರ ಏಪ್ರಿಲ್ 12ರಿಂದ ಯುರೋಪಿಂದ ಹಾಲು, ಚೀಸ್ ಬ್ರಿಟನ್ನಿಗೆ ತರೋದನ್ನ ನಿಲ್ಲಿಸಿದಾರೆ, ದನಗಳಿಗೆ ಕಾಲುಬಾಯಿ ಜ್ವರ ಬಂದಿದ್ದಕ್ಕೆ. ರೂಲ್ ಬದಲಾಗಿದ್ಯಾ ಅಂತ ಪ್ರತಿ ಸಲ ನೋಡ್ತೀನಿ. ಅಲ್ಲಿ ತನಕ ದಿಯೆಪ್ ಬಂದರಿನ ಕ್ಯೂನಲ್ಲಿ, ಹ್ಯಾಂಡಲ್ ಬ್ಯಾಗ್ ಮೇಲೆ ಇಟ್ಕೊಂಡು, ಚಾಕು ಇಲ್ದೆ ಬಾಗೆತ್ ತುಂಡಲ್ಲೇ ತೋಡ್ಕೊಂಡು ಅಲ್ಲೇ ಮುಗಿಸಿ ಹಡಗು ಹತ್ತೋದು.